ಎರಡು ಸಲ 'ಊಟ ಆಯ್ತಾ' ಅಂದದ್ದು

ಪ್ರಶ್ನೆ: ನನಗೆ 26 ವರ್ಷ. ಅಕ್ಕನ ನಿಶ್ಚಿತಾರ್ಥದಲ್ಲಿ ಬೀಗರ ಕಡೆಯ ಹಿರಿಯರೊಬ್ಬರಿಗೆ ಎರಡು ಸಲ 'ಊಟ ಆಯ್ತಾ' ಅಂತ ಕೇಳಿಬಿಟ್ಟೆ. ಎರಡನೇ ಸಲ ಅವರು ನಕ್ಕರು. ತಿಂಗಳಾದರೂ ರಾತ್ರಿ ಮಲಗಿದರೆ ಅದೇ ನಗು. ಈಗ ಮದುವೆಗೆ ಹೋಗೋಕೇ ಭಯ. ಹೀಗೆ ಯೋಚಿಸಿದರೆ ಮುಂದಿನ ಸಲ ತಪ್ಪು ಆಗಲ್ಲ ಅಲ್ವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಪ್ಪು ಕಡಿಮೆ ಆಗುವುದಿಲ್ಲ, ಭಯ ಜಾಸ್ತಿ ಆಗುತ್ತದೆ. ನಿಮ್ಮ ಹಾಗೇ ಬರೆಯುವ ತುಂಬ ಜನ ಇದನ್ನು ಒಳ್ಳೆಯ ಅಭ್ಯಾಸ ಅಂತಲೇ ನಂಬಿರುತ್ತಾರೆ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ನೆನಪು ಅಂದುಕೊಂಡು ರಾತ್ರಿ ನೀವು ನೋಡುತ್ತಿರುವುದರಲ್ಲಿ ಅರ್ಧ ನಿಮ್ಮ ಗಾಬರಿಯೇ ಸೇರಿದೆ. ಆವತ್ತು ಎದೆ ಡವಡವ ಅಂದಿರಬೇಕು, ಅಂಗೈ ಬೆವರಿರಬೇಕು, ಗಮನವೆಲ್ಲ ಅಲ್ಲೇ ಇದ್ದಾಗ ಎದುರಿನವರ ಮುಖ ಎಷ್ಟು ನೋಡಿರುತ್ತೀರಿ? ಮೊದಲ ದಿನ ರಾತ್ರಿ ಅದು ಸುಮ್ನೆ ನಗು. ಹತ್ತನೇ ರಾತ್ರಿಗೆ ಗೇಲಿ.

ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲೇ ಇದನ್ನು ವಿವರಿಸಿ ಪೋಸ್ಟ್ ಮಾರ್ಟಂ ಅಂತ ಕರೆದರು. ಮುಗಿದದ್ದನ್ನು ಕೊಯ್ದು ಕೊಯ್ದು ನೋಡೋದು. ಮುಂದಿನ ಸಮಾರಂಭ ಬಂದಾಗ ಮನಸ್ಸು ಆ ರಿಪೋರ್ಟನ್ನೇ ಸಾಕ್ಷಿ ಅಂತ ತಂದಿಡುತ್ತದೆ. ಅಕ್ಕನ ಮದುವೆಗೆ ಹೋಗುವ ಭಯ ಹುಟ್ಟಿದ್ದು ಇಲ್ಲೇ. ಇನ್ನು, ಎದುರಿನವರು ನಾವು ಅಂದುಕೊಂಡಷ್ಟು ನಮ್ಮನ್ನು ಗಮನಿಸುವುದೂ ಇಲ್ಲ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಟೀ ಶರ್ಟ್ ಹಾಕಿಸಿ ಜನರಿದ್ದ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅದನ್ನು ನೋಡಿರುತ್ತಾರೆ ಅಂತ ಆ ವಿದ್ಯಾರ್ಥಿಗಳು ಅಂದುಕೊಂಡರು, ನಿಜಕ್ಕೂ ಗಮನಿಸಿದ್ದು ಕಾಲು ಭಾಗಕ್ಕಿಂತ ಕಡಿಮೆ.

ಯೋಚಿಸಬೇಡಿ ಅಂತ ನಾನು ಹೇಳಲ್ಲ, ಹಾಗಂದರೆ ಇನ್ನೂ ಬರುತ್ತದೆ. ಒಂದು ಕಾಗದದಲ್ಲಿ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರೆಯಿರಿ. 'ನಕ್ಕರು' ಅಂತ ಬರೆಯಬಹುದು, 'ನನ್ನನ್ನು ಆಡಿಕೊಂಡರು' ಬೇಡ. ನಕ್ಕ ಮೇಲೆ ಅವರು ಏನಂದರು? ಪತ್ರದಲ್ಲಿ ಅದನ್ನೇ ಬಿಟ್ಟಿದ್ದೀರಿ ನೋಡಿ. 'ಅವರು ನನ್ನ ಬಗ್ಗೆ ಏನಾದ್ರೂ ಅಂದ್ರಾ' ಅಂತ ಮನೆಯವರನ್ನು ಮತ್ತೆ ಮತ್ತೆ ಕೇಳುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಅದೂ ಪೋಸ್ಟ್ ಮಾರ್ಟಮ್ಮೇ.

ಮದುವೆಗೆ ಹೋಗಿ. ಪಂಕ್ತಿಯಲ್ಲಿ ಬಡಿಸೋಕೆ ನಿಲ್ಲಿ. ಯಾರ ಎಲೆಯಲ್ಲಿ ಪಲ್ಯ ಖಾಲಿಯಾಗಿದೆ, ಯಾರು ಸಾರಿಗೆ ಕಾಯುತ್ತಿದ್ದಾರೆ ಅಂತ ನೋಡುತ್ತಾ ಹೋದರೆ ಗಮನ ತಾನಾಗಿ ನಿಮ್ಮಿಂದ ಹೊರಗೆ ಬರುತ್ತದೆ.

ಆರು ತಿಂಗಳಿಂದ ಹೀಗೇ ಇದ್ದು, ಕೆಲಸ, ಸ್ನೇಹ, ನೆಂಟರ ಮನೆ ಎಲ್ಲ ತಪ್ಪಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಸ್ಪತ್ರೆಗೆ ಹೋಗೋಕೂ ಮುಜುಗರ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.