ಜ್ವರಕ್ಕೆ ಎಷ್ಟು ಮಿ.ಲೀ., ಬೇಧಿಗೆ ಎಷ್ಟು ಚಮಚ? ಓದುಗರ ಪ್ರಶ್ನೆಗೆ ಮಕ್ಕಳ ತಜ್ಞರ ಉತ್ತರ

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ, ತೂಕ 16 ಕೆ.ಜಿ. ಜ್ವರ ಬಂದಾಗಲೆಲ್ಲ ಪ್ಯಾರಸಿಟಮಾಲ್ 5 ಮಿ.ಲೀ. ಕೊಡುತ್ತೇವೆ. ಒಮ್ಮೆ ಇಳಿಯುತ್ತದೆ, ಇನ್ನೊಮ್ಮೆ ಜಗ್ಗುವುದೇ ಇಲ್ಲ. ಡೋಸ್ ಹೆಚ್ಚಿಸಬಹುದೇ?

ಉತ್ತರ: ಯಾವ ಬಾಟಲಿಯ 5 ಮಿ.ಲೀ.? ಗೊಂದಲವೆಲ್ಲ ಅಲ್ಲೇ ಇರುವುದು. ಈ ಔಷಧದ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. ನಿಮ್ಮ ಮಗನಿಗೆ 160ರಿಂದ 240 ಮಿ.ಗ್ರಾಂ. ಆಯಿತು. ಈಗ ಲೇಬಲ್ ಓದಿ. 5 ಮಿ.ಲೀ.ಯಲ್ಲಿ 120 ಮಿ.ಗ್ರಾಂ. ಇರುವ ಸಿರಪ್ ಆದರೆ 7ರಿಂದ 10 ಮಿ.ಲೀ. ಬೇಕು, ನೀವು ಕೊಡುತ್ತಿರುವುದು ಸಾಲದು. 250 ಮಿ.ಗ್ರಾಂ. ಇರುವುದಾದರೆ 3.2ರಿಂದ 4.8 ಮಿ.ಲೀ. ಸಾಕು, 5 ಮಿ.ಲೀ. ತುಸು ಜಾಸ್ತಿಯೇ. ಹಸುಗೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. ಇರುವುದುಂಟು. ಅದನ್ನು 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ. ಒಳಗೆ ಹೋಯಿತು, ಮಿತಿಯ ಎರಡು ಪಟ್ಟಿಗೂ ಹೆಚ್ಚು. ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಮಾಡದಿರುವುದಕ್ಕೆ ಬಾಟಲಿ ಬದಲಾಗಿದ್ದೇ ಕಾರಣವಿರಬಹುದು.

ಅಡುಗೆಮನೆಯ ಚಮಚ ಬೇಡವೇ ಬೇಡ. ಒಂದರ ಗಾತ್ರ ಇನ್ನೊಂದಕ್ಕಿರುವುದಿಲ್ಲ. ಬಾಟಲಿ ಜೊತೆ ಬರುವ ಅಳತೆ ಮುಚ್ಚಳ ಪರವಾಗಿಲ್ಲ, ಸೂಜಿಯಿಲ್ಲದ ಸಿರಿಂಜ್ ಅದಕ್ಕಿಂತ ವಾಸಿ. ಅಳೆಯುವ ಮೊದಲು ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ. ಇಲ್ಲದಿದ್ದರೆ ತಳದಲ್ಲಿ ಕೂತ ಔಷಧ ಕೊನೆಯ ಡೋಸ್‌ಗಳಲ್ಲಿ ಹೆಚ್ಚು ಹೋಗುತ್ತದೆ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಾದರೆ 6 ಗಂಟೆ ಬಿಡಿ. 24 ಗಂಟೆಗೆ ನಾಲ್ಕು ಡೋಸ್ ದಾಟಬೇಡಿ. ಮನೆಯಲ್ಲಿ ಔಷಧ ಕೊಡುವವರು ಇಬ್ಬರಿದ್ದರೆ ಸಮಯವನ್ನು ಬಾಟಲಿಯ ಪಕ್ಕದಲ್ಲೇ ಬರೆದಿಡಿ. ನೆಗಡಿಯ ಕೆಲವು ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಎರಡನ್ನೂ ಕೊಟ್ಟು ಡಬಲ್ ಡೋಸ್ ಆಗುವುದು ಹೀಗೆಯೇ. ಆಸ್ಪಿರಿನ್ ಮಕ್ಕಳಿಗೆ ಕೊಡುವ ಔಷಧವಲ್ಲ.

ಇನ್ನೊಂದು ಮಾತು. ಪ್ಯಾರಸಿಟಮಾಲ್ ಕಾಯಿಲೆ ವಾಸಿಮಾಡುವುದಿಲ್ಲ, ಮೈಕೈ ನೋವು ಮತ್ತು ಕಿರಿಕಿರಿ ತಗ್ಗಿಸುತ್ತದೆ, ಅಷ್ಟೆ. ಕೊಟ್ಟ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮಗು ಸ್ವಲ್ಪ ಗೆಲುವಾಯಿತೇ, ನೀರು ಕುಡಿಯಿತೇ ನೋಡಿ. ಥರ್ಮಾಮೀಟರ್‌ನ ಅಂಕಿ 102ರಿಂದ 100.5ಕ್ಕೆ ಇಳಿದರೂ ಸಾಕು. ಆಡಿಕೊಂಡಿರುವ ಮಗುವಿಗೆ ಬರೀ ಅಂಕಿ ನೋಡಿ ಔಷಧ ಕುಡಿಸುವ ಅಗತ್ಯವಿಲ್ಲ. ಆದರೆ ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೂ ಮನೆಯಲ್ಲಿ ಕಾಯಬೇಡಿ. ದೊಡ್ಡ ಮಕ್ಕಳು ಎಬ್ಬಿಸಿದರೂ ಮಂಕಾಗಿಯೇ ಇದ್ದರೆ, ಏದುಸಿರು ಬಿಡುತ್ತಿದ್ದರೆ, ಏನೂ ಕುಡಿಯದಿದ್ದರೆ, ಫಿಟ್ಸ್ ಬಂದರೆ, ಕುತ್ತಿಗೆ ಬಗ್ಗಿಸಲಾಗದಿದ್ದರೆ, ಒತ್ತಿದರೂ ಮಾಸದ ಕೆಂಪು ಗುಳ್ಳೆ ಎದ್ದರೆ ತಕ್ಷಣ ಆಸ್ಪತ್ರೆ. ಇವೇನೂ ಇಲ್ಲದೆ ಜ್ವರ ಮೂರು ದಿನ ದಾಟಿದರೂ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಒಂದೂವರೆ ವರ್ಷದ ಮಗಳಿಗೆ ವಾಂತಿ, ಬೇಧಿ. ಓಆರ್‌ಎಸ್ ಕೊಟ್ಟರೆ ಅದನ್ನೂ ಕಕ್ಕಿಬಿಡುತ್ತಾಳೆ. ಕೊಡುವುದೋ, ಬಿಡುವುದೋ?

ಉತ್ತರ: ಕೊಡಿ, ಆದರೆ ಲೋಟದಲ್ಲಿ ಕೊಡಬೇಡಿ. ಬಾಯಾರಿದ ಮಗು ಗಟಗಟ ಕುಡಿದ ಕೂಡಲೇ ಹೊಟ್ಟೆ ಹಿಗ್ಗಿ ಎಲ್ಲ ಹೊರಬರುತ್ತದೆ. ಒಂದೆರಡು ನಿಮಿಷಕ್ಕೊಂದು ಚಮಚ, 5 ಮಿ.ಲೀ. ಲೆಕ್ಕದಲ್ಲಿ ಕೊಡಿ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರುಮಾಡಿ. ನಿಮಿಷಕ್ಕೊಂದು ಚಮಚವಾದರೂ ಗಂಟೆಗೆ 300 ಮಿ.ಲೀ. ಆಗುತ್ತದೆ! ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಬೇಧಿಯಾದಾಗ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ಬೇಕು.

ಬೆರೆಸುವುದರಲ್ಲಿ ಎಡವುವವರೇ ಹೆಚ್ಚು. ಪೊಟ್ಟಣ ಒಂದು ಲೀಟರಿನದೋ 200 ಮಿ.ಲೀ.ಯದೋ ಓದಿ, ಕಾಯಿಸಿ ಆರಿಸಿದ ನೀರನ್ನು ಅಷ್ಟೇ ಅಳೆದು, ಇಡೀ ಪೊಟ್ಟಣ ಒಮ್ಮೆಲೇ ಹಾಕಿ. ಒಂದು ಲೀಟರಿನ ಪುಡಿಯನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪಿನಂಶ ಏರಿ ಅಪಾಯವಾಗುತ್ತದೆ. ನೀರು ಹೆಚ್ಚಾದರೆ ಪ್ರಯೋಜನವಿಲ್ಲ. ರುಚಿಗೆಂದು ಸಕ್ಕರೆ, ಜ್ಯೂಸ್ ಸೇರಿಸಬೇಡಿ. ಓಆರ್‌ಎಸ್‌ನಲ್ಲಿರುವ ಗ್ಲೂಕೋಸ್ ಸಿಹಿಗಾಗಿ ಇಟ್ಟದ್ದಲ್ಲ. ಕರುಳು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಜೊತೆಗೆ ಒಳಗೆಳೆದುಕೊಂಡಾಗ ನೀರೂ ಹಿಂಬಾಲಿಸುತ್ತದೆ. ಸಕ್ಕರೆ ಮಿತಿಮೀರಿದರೆ ಕರುಳೇ ನೀರು ಬಿಟ್ಟುಕೊಟ್ಟು ಬೇಧಿ ಜೋರಾಗುತ್ತದೆ. ಬೆರೆಸಿ 24 ಗಂಟೆ ಕಳೆದದ್ದನ್ನು ಚೆಲ್ಲಿ. ಎದೆಹಾಲು, ಊಟ ನಿಲ್ಲಿಸಬೇಡಿ. ಬೇಧಿಯಿರುವ ಆರು ತಿಂಗಳು ದಾಟಿದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಿಂದೆ ಹೇಳುತ್ತಿದ್ದ ಸತುವಿನ (ಜಿಂಕ್) ಪ್ರಮಾಣ ದಿನಕ್ಕೆ 20 ಮಿ.ಗ್ರಾಂ.; 2024ರ ಮಾರ್ಗಸೂಚಿಯಲ್ಲಿ ಅದನ್ನು 5 ಮಿ.ಗ್ರಾಂ.ಗೆ ಇಳಿಸಿದೆ. ಕೊಡಬೇಕಾದದ್ದು 10ರಿಂದ 14 ದಿನ. ಬೇಧಿ ನಿಂತಿತೆಂದು ಮಧ್ಯದಲ್ಲೇ ಬಿಡಬಾರದು. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರೇಳು ಗಂಟೆ ಮೂತ್ರವಾಗದಿದ್ದರೆ, ಬೇಧಿಯಲ್ಲಿ ರಕ್ತ ಕಂಡರೆ ಚಮಚದ ಆಟ ಬಿಟ್ಟು ಹೊರಡಿ.

ಪ್ರಶ್ನೆ: ಎರಡು ವರ್ಷದ ಮಗ ಅನ್ನ ಮುಟ್ಟುವುದಿಲ್ಲ. ಹಾಲಾದರೂ ಕುಡಿಯಲಿ ಎಂದು ಬಾಟಲಿಯಲ್ಲಿ ದಿನಕ್ಕೆ ಒಂದು ಲೀಟರ್ ಕೊಡುತ್ತೇವೆ. ಟಾನಿಕ್ ಬೇಕೇ?

ಉತ್ತರ: ಟಾನಿಕ್ ಬೇಡ, ಹಾಲು ಕಡಿಮೆಯಾಗಬೇಕು. ಒಂದು ಲೀಟರ್ ಹಾಲಿನಲ್ಲೇ ಹೊಟ್ಟೆ ತುಂಬಿದವನಿಗೆ ಹಸಿವು ಎಲ್ಲಿಂದ ಬರಬೇಕು? ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಜೊತೆಗೆ ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣವನ್ನೂ ಹೀರಿಕೊಳ್ಳಗೊಡುವುದಿಲ್ಲ. ರಕ್ತಹೀನತೆಯಾದ ಮಗುವಿಗೆ ಹಸಿವು ಮತ್ತಷ್ಟು ಇಂಗುತ್ತದೆ, ಮತ್ತೆ ಹಾಲೇ ಗತಿ.

ದಿನದ ಮಿತಿ 400ರಿಂದ 500 ಮಿ.ಲೀ. ಇರಲಿ, ಅದೂ ಲೋಟದಲ್ಲಿ, ಊಟದ ನಂತರ. ಬಾಟಲಿ ತಪ್ಪಿಸಿದರೆ ಪ್ರಮಾಣ ಅರ್ಧ ತಾನಾಗಿಯೇ ಇಳಿಯುತ್ತದೆ. ಮೂರು ಊಟ, ಎರಡು ತಿಂಡಿ, ನಡುವೆ ಎರಡೂವರೆ ಮೂರು ಗಂಟೆ ಬರೀ ನೀರು. ಕೂತು 20–30 ನಿಮಿಷ ಕಳೆದರೆ ತಟ್ಟೆ ಎತ್ತಿಬಿಡಿ. ಬೈಗುಳ ಬೇಡ, ಮೊಬೈಲ್ ಬೇಡ, ಹಿಂದೆ ಓಡುವುದೂ ಬೇಡ. ಏನು, ಯಾವಾಗ ಎನ್ನುವುದು ನಿಮ್ಮದು. ಎಷ್ಟು ಎನ್ನುವುದು ಅವನದು. ಹೊಸ ರುಚಿಯನ್ನು ಎಂಟು ಹತ್ತು ಸಲ ತಟ್ಟೆಯಲ್ಲಿ ಕಂಡ ಮೇಲಷ್ಟೇ ಬಾಯಿಗಿಡುವ ಮಕ್ಕಳು ಬಹಳ. ಮೊದಲ ಕೆಲವು ದಿನ ರಚ್ಚೆ ಹಿಡಿಯುತ್ತಾನೆ. ಅಲ್ಲಿ ಸೋತು ರಾತ್ರಿ ಬಾಟಲಿ ಕೊಟ್ಟರೆ ಮತ್ತೆ ಮೊದಲಿನಿಂದ. ಅಂಗೈ, ಕಣ್ಣಿನ ಒಳರೆಪ್ಪೆ ಬಿಳಚಿದ್ದರೆ ಅಥವಾ ಮಣ್ಣು ತಿನ್ನುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ.

ಪ್ರಶ್ನೆ: ಐದು ವರ್ಷದ ಮಗಳು ತಾನೇ ಹಲ್ಲುಜ್ಜುತ್ತಾಳೆ, ಆದರೂ ಹುಳುಕು.

ಉತ್ತರ: ಏಳೆಂಟು ವರ್ಷದವರೆಗೆ ಹಲ್ಲುಜ್ಜುವುದು ದೊಡ್ಡವರ ಕೆಲಸ. ಅವಳು ಉಜ್ಜಿದ ಮೇಲೆ ನೀವೊಮ್ಮೆ ಹಿಂದೆ ನಿಂತು, ತಲೆ ನಿಮಗೊರಗಿಸಿಕೊಂಡು, ದವಡೆ ಹಲ್ಲಿನ ಗುಳಿಗಳಿಗೂ ವಸಡಿನ ಅಂಚಿಗೂ ಬ್ರಷ್ ಆಡಿಸಿ; ಎರಡು ನಿಮಿಷ, ದಿನಕ್ಕೆರಡು ಸಲ. ಫ್ಲೋರೈಡ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು. ಉಗಿಯಲಿ, ಆದರೆ ನೀರಿನಿಂದ ಮುಕ್ಕಳಿಸುವುದು ಬೇಡ; ಫ್ಲೋರೈಡ್ ತೊಳೆದುಹೋಗುತ್ತದೆ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ.

ಪ್ರಶ್ನೆ: ಎಂಟು ವರ್ಷದವನು ಮಲಗುವಾಗ ರಾತ್ರಿ ಹನ್ನೊಂದು. ಬೆಳಿಗ್ಗೆ ಎಬ್ಬಿಸುವುದೇ ಯುದ್ಧ.

ಉತ್ತರ: ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಮಲಗುವ ಸಮಯಕ್ಕಿಂತ ಮೊದಲು ಏಳುವ ಸಮಯ ಗಟ್ಟಿಮಾಡಿ, ರಜಾದಿನದಲ್ಲೂ ಅದೇ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಬೇಗ ಮಲಗಿಸುತ್ತಾ ಬನ್ನಿ. ಒಂದು ಗಂಟೆ ಮೊದಲೇ ಸ್ಕ್ರೀನ್ ಬಂದ್. ಸಾಕಷ್ಟು ಮಲಗಿಯೂ ಹಗಲು ತೂಕಡಿಸುತ್ತಿದ್ದರೆ, ಬಾಯಿ ತೆರೆದು ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಇಲ್ಲವೇ ಟಾನ್ಸಿಲ್ ದೊಡ್ಡದಾಗಿರಬಹುದು. ಫೋನಿನಲ್ಲಿ ಆ ಗೊರಕೆಯ ಒಂದೆರಡು ನಿಮಿಷದ ವಿಡಿಯೋ ಮಾಡಿಕೊಂಡು ಇಎನ್‌ಟಿ ವೈದ್ಯರಿಗೆ ತೋರಿಸಿ.