ಯಾರು ಎಲ್ಲಿವರೆಗೆ? ವಿಶ್ವಕಪ್ ಫುಟ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

2026ರ ಫಿಫಾ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಮೆಕ್ಸಿಕೊ ಮತ್ತು ಕೆನಡಾದಲ್ಲಿ ನಡೆಯಲಿದೆ. ತಂಡಗಳು 48, ಗುಂಪುಗಳು 12, ಪಂದ್ಯಗಳು 104. ತಂಡಗಳ ಬಲಾಬಲದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ಗುಂಪಿನಲ್ಲಿ ಮೂರನೇ ಸ್ಥಾನ ಪಡೆದವರೂ ಮುಂದಿನ ಸುತ್ತಿಗೆ ಹೋಗಬಹುದಂತೆ. ಹಾಗಾದರೆ ಎಷ್ಟು ಅಂಕ ಗಳಿಸಿದರೆ ಸಾಕು?

ನಾಲ್ಕು ಅಂಕ ಇದ್ದರೆ ನಿಶ್ಚಿಂತೆಯಿಂದ ಇರಬಹುದು. ಮೂರಾದರೆ ಗೋಲು ವ್ಯತ್ಯಾಸ (ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಉಳಿದದ್ದು) ನೋಡಬೇಕು. ಎರಡೇ ಆದರೆ ಆಸೆ ಬಿಡುವುದು ಒಳ್ಳೆಯದು.

ಪ್ರತಿ ಗುಂಪಿನ ಮೊದಲೆರಡು ತಂಡಗಳ ಜೊತೆಗೆ, ಮೂರನೇ ಸ್ಥಾನದ 12 ತಂಡಗಳಲ್ಲಿ 8 ತಂಡಗಳು 32ರ ಸುತ್ತಿಗೆ ಹೋಗುತ್ತವೆ. ಅಂದರೆ ಮೂರರಲ್ಲಿ ಎರಡು ಪಾಲು. 24 ತಂಡಗಳ ಟೂರ್ನಿಗಳಲ್ಲೂ ಇದೇ ಪ್ರಮಾಣವಿತ್ತು, ಆರರಲ್ಲಿ ನಾಲ್ಕು. ಆದ್ದರಿಂದ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದರೆ ಅಂದಾಜು ಸಿಗುತ್ತದೆ. ಗೆಲುವಿಗೆ ಮೂರು ಅಂಕ ಕೊಡಲು ಶುರು ಮಾಡಿದ 1994ರ ವಿಶ್ವಕಪ್, ಆಮೇಲೆ 2016, 2020 ಮತ್ತು 2024ರ ಯೂರೊ (ಯುರೋಪಿನ ದೇಶಗಳ ಟೂರ್ನಿ), ಈ ನಾಲ್ಕರಲ್ಲಿ ನಾಲ್ಕು ಅಂಕದೊಂದಿಗೆ ಮೂರನೇ ಸ್ಥಾನ ಪಡೆದ ಒಂದು ತಂಡವೂ ಮನೆಗೆ ಹೋಗಿಲ್ಲ. ಮೂರು ಅಂಕ ಪಡೆದ ತಂಡಗಳು ಹತ್ತು, ಮುಂದಕ್ಕೆ ಹೋದವು ನಾಲ್ಕು: 2016ರಲ್ಲಿ ಪೋರ್ಚುಗಲ್ ಮತ್ತು ಉತ್ತರ ಐರ್ಲೆಂಡ್, 2020ರಲ್ಲಿ ಉಕ್ರೇನ್, 2024ರಲ್ಲಿ ಸ್ಲೊವೇನಿಯಾ. ಈ ನಾಲ್ಕರ ಗೋಲು ವ್ಯತ್ಯಾಸವೂ ಸೊನ್ನೆ ಅಥವಾ ಮೈನಸ್ ಒಂದು. ಯೂರೊದಲ್ಲಿ ಮೂರು ಅಂಕವಿದ್ದೂ ಹೊರಬಿದ್ದ ಟರ್ಕಿ, ಅಲ್ಬೇನಿಯಾ, ಫಿನ್ಲೆಂಡ್, ಸ್ಲೊವಾಕಿಯಾ, ಹಂಗೆರಿ ಎಲ್ಲವೂ ಮೈನಸ್ ಎರಡು ಅಥವಾ ಅದಕ್ಕಿಂತ ಕೆಳಗಿದ್ದವು. 1994ರ ರಷ್ಯಾ ಒಂದೇ ಅಪವಾದ. ಕ್ಯಾಮರೂನ್‌ಗೆ 6-1ರಿಂದ ಬಡಿದು ಪ್ಲಸ್ ಒಂದರಲ್ಲಿದ್ದರೂ, ಉಳಿದ ನಾಲ್ಕು ತಂಡಗಳ ಬಳಿ ನಾಲ್ಕೋ ಆರೋ ಅಂಕ ಇದ್ದುದರಿಂದ ಅದು ಉಳಿಯಲಿಲ್ಲ.

ಸಣ್ಣ ತಂಡಗಳ ಕೋಚ್‌ಗಳು ಇದನ್ನು ಬರೆದಿಟ್ಟುಕೊಳ್ಳಬೇಕು. ಬಲಿಷ್ಠ ತಂಡದ ಎದುರು 80ನೇ ನಿಮಿಷದಲ್ಲಿ 0-1 ಹಿನ್ನಡೆ ಇದ್ದಾಗ ಎಲ್ಲರನ್ನೂ ಮುಂದಕ್ಕೆ ನುಗ್ಗಿಸಿದರೆ ಸ್ಕೋರು 0-3 ಆಗುತ್ತದೆ. ಆ ಎರಡು ಗೋಲುಗಳೇ ಕೊನೆಗೆ ಟಿಕೆಟ್ ಕಿತ್ತುಕೊಳ್ಳುತ್ತವೆ. ಕೇಪ್ ವರ್ಡೆ, ಕುರಸಾವೊ, ಜೋರ್ಡನ್, ಉಜ್ಬೇಕಿಸ್ತಾನದಂಥ ಹೊಸಬರಿಗೆ ಸ್ಪೇನ್, ಜರ್ಮನಿ, ಅರ್ಜೆಂಟೀನಾ, ಪೋರ್ಚುಗಲ್ ವಿರುದ್ಧ ಒಂದೇ ಗೋಲಿನಿಂದ ಸೋಲುವುದೂ ಒಂದು ಗಳಿಕೆಯೇ.

ಇನ್ನೊಂದು ಮಾತು. ಎ ಗುಂಪಿನ ಕೊನೆಯ ಪಂದ್ಯಗಳು ಜೂನ್ 24ಕ್ಕೆ ಮುಗಿಯುತ್ತವೆ, ಜೆ, ಕೆ, ಎಲ್ ಗುಂಪುಗಳದ್ದು 27ಕ್ಕೆ. ಕೊನೆಗೆ ಆಡುವವರಿಗೆ ಎಷ್ಟು ಬೇಕು ಎಂಬ ಲೆಕ್ಕ ಕೈಯಲ್ಲೇ ಇರುತ್ತದೆ. ಮೊದಲು ಆಡಿದವರು ಮೂರು ದಿನ ಕಾಯುತ್ತಾ ಕೂರಬೇಕು. ಇದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ, ಆದರೆ 12 ಗುಂಪುಗಳ ವ್ಯವಸ್ಥೆಯಲ್ಲಿ ಇದನ್ನು ತಪ್ಪಿಸುವ ದಾರಿಯೂ ಕಾಣುತ್ತಿಲ್ಲ.

ಪ್ರಶ್ನೆ: ಫಿಫಾ ರ‍್ಯಾಂಕಿಂಗನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂದು ತಿಳಿದರೆ ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ. 2018ರ ಆಗಸ್ಟ್‌ನಿಂದ ಪ್ರತಿ ಪಂದ್ಯಕ್ಕೂ ಒಂದು ತೂಕವಿದೆ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಮೀಸಲಿಟ್ಟ ದಿನಗಳಲ್ಲಿ ಆಡುವ ಸೌಹಾರ್ದ ಪಂದ್ಯಕ್ಕೆ 10, ವಿಶ್ವಕಪ್ ಅರ್ಹತಾ ಪಂದ್ಯಕ್ಕೆ 25, ವಿಶ್ವಕಪ್‌ನ ಆರಂಭದ ಸುತ್ತುಗಳಿಗೆ 50, ಕ್ವಾರ್ಟರ್‌ಫೈನಲ್‌ನಿಂದಾಚೆ 60. ಫಲಿತಾಂಶದಿಂದ (ಗೆಲುವು 1, ಡ್ರಾ 0.5, ಸೋಲು 0) ನಿರೀಕ್ಷಿತ ಫಲಿತಾಂಶವನ್ನು ಕಳೆದು, ಉಳಿದದ್ದನ್ನು ಈ ತೂಕದಿಂದ ಗುಣಿಸುತ್ತಾರೆ.

ಎದುರಾಳಿಗಿಂತ 200 ಅಂಕ ಮೇಲಿರುವ ತಂಡದ ನಿರೀಕ್ಷಿತ ಫಲಿತಾಂಶ ಸುಮಾರು 0.68. ಅದು ಸೌಹಾರ್ದ ಪಂದ್ಯ ಗೆದ್ದರೆ ಸಿಗುವುದು ಮೂರು ಅಂಕ ಚಿಲ್ಲರೆ, ಸೋತರೆ ಕಳೆದುಕೊಳ್ಳುವುದು ಹೆಚ್ಚುಕಡಿಮೆ ಏಳು. ಅದೇ ಸೋಲು ವಿಶ್ವಕಪ್ ಗುಂಪಿನಲ್ಲಾದರೆ 34 ಅಂಕ ಹೋಗುತ್ತದೆ. 1-0 ಗೆಲುವಿಗೂ 6-0 ಗೆಲುವಿಗೂ ಇಲ್ಲಿ ವ್ಯತ್ಯಾಸವಿಲ್ಲ. ತವರು ನೆಲದಲ್ಲಿ ಆಡಿದರೋ ಪರದೇಶದಲ್ಲೋ ಎಂಬುದೂ ಲೆಕ್ಕಕ್ಕಿಲ್ಲ. ಆತಿಥೇಯರಿಗೆ ಅರ್ಹತಾ ಸುತ್ತು ಇಲ್ಲದ ಕಾರಣ ಅವರ ಬಹುಪಾಲು ಪಂದ್ಯಗಳು ಕಡಿಮೆ ತೂಕದವು, ಹಾಗಾಗಿ ಅವರ ಸ್ಥಾನ ನಿಜವಾದ ಬಲವನ್ನು ತೋರಿಸುವುದಿಲ್ಲ. ಹಳೆಯ ಪದ್ಧತಿಯಲ್ಲೂ ಹೀಗೇ ಇತ್ತು: 2018ರಲ್ಲಿ 70ನೇ ಸ್ಥಾನದಲ್ಲಿದ್ದ ಆತಿಥೇಯ ರಷ್ಯಾ ಕ್ವಾರ್ಟರ್‌ಫೈನಲ್ ತಲುಪಿತು.

2022ರಲ್ಲಿ ಎರಡನೇ ಸ್ಥಾನದ ಬೆಲ್ಜಿಯಂ ಗುಂಪಿನಲ್ಲೇ ಹೊರಬಿತ್ತು, 22ನೇ ಸ್ಥಾನದ ಮೊರಾಕ್ಕೊ ಸೆಮಿಫೈನಲ್ ಆಡಿತು. ಮೊದಲ ಹತ್ತು ಸ್ಥಾನದವರಿಗೂ ನಲವತ್ತನೇ ಸ್ಥಾನದವರಿಗೂ ಇರುವ ಅಂತರವನ್ನು ನಂಬಿ. ಐದನೆಯವರು ಹನ್ನೆರಡನೆಯವರಿಗಿಂತ ಮೇಲು ಎಂದು ಈ ಪಟ್ಟಿ ಹಿಡಿದು ವಾದಿಸಬೇಡಿ.

ಪ್ರಶ್ನೆ: ನಾಲ್ಕು ಅಗ್ರ ತಂಡಗಳು ಸೆಮಿಫೈನಲ್‌ವರೆಗೆ ಮುಖಾಮುಖಿ ಆಗುವುದಿಲ್ಲ ಎಂದು ಓದಿದ್ದೇವೆ. ಹಾಗಿದ್ದರೆ ಅವರ ಹಾದಿ ಸುಲಭವಲ್ಲವೇ?

ಆ ರಕ್ಷಣೆ ಇರುವುದು ಗುಂಪಿನಲ್ಲಿ ಮೊದಲ ಸ್ಥಾನ ಪಡೆದರೆ ಮಾತ್ರ. ಸ್ಪೇನ್, ಅರ್ಜೆಂಟೀನಾ, ಫ್ರಾನ್ಸ್, ಇಂಗ್ಲೆಂಡ್ ತಂಡಗಳನ್ನು ನಾಕೌಟ್ ಪಂದ್ಯಗಳ ಪಟ್ಟಿಯ ನಾಲ್ಕು ಮೂಲೆಗಳಲ್ಲಿ ಇಟ್ಟಿರುವುದು ನಿಜ. ಆದರೆ ಎಚ್ ಗುಂಪಿನಲ್ಲಿ ಸ್ಪೇನ್ ಉರುಗ್ವೆಗಿಂತ ಹಿಂದೆ ಬಿದ್ದರೆ, ಜೆ ಗುಂಪಿನ ಮೊದಲಿಗರು 32ರ ಸುತ್ತಿನಲ್ಲೇ ಅದಕ್ಕೆ ಎದುರಾಗುತ್ತಾರೆ. ಆ ಮೊದಲಿಗರು ಅರ್ಜೆಂಟೀನಾ ಆಗುವ ಸಾಧ್ಯತೆಯೇ ಹೆಚ್ಚು.

ಪಟ್ಟಿಯನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಎಂಟು ಗುಂಪುಗಳ ವಿಜೇತರಿಗೆ 32ರ ಸುತ್ತಿನಲ್ಲಿ ಮೂರನೇ ಸ್ಥಾನದ ತಂಡ ಸಿಗುತ್ತದೆ. ಸಿ, ಎಫ್, ಎಚ್, ಜೆ ಗುಂಪುಗಳ ವಿಜೇತರಿಗೆ ಆ ಅದೃಷ್ಟವಿಲ್ಲ, ಅವರು ಎರಡನೇ ಸ್ಥಾನದವರ ಜೊತೆ ಆಡಬೇಕು. ಸಿ ಗುಂಪಿನ ಮೊದಲಿಗರಿಗೆ ಎಫ್ ಗುಂಪಿನ ಎರಡನೆಯವರು, ಎಫ್‌ನ ಮೊದಲಿಗರಿಗೆ ಸಿ ಗುಂಪಿನ ಎರಡನೆಯವರು. ಸಿ ಗುಂಪಿನಲ್ಲಿ ಬ್ರೆಜಿಲ್, ಮೊರಾಕ್ಕೊ ಇವೆ, ಎಫ್‌ನಲ್ಲಿ ನೆದರ್ಲೆಂಡ್ಸ್, ಜಪಾನ್. ಎಲ್ಲ ನಿರೀಕ್ಷೆಯಂತೆ ನಡೆದರೂ ಈ ನಾಲ್ಕರಲ್ಲಿ ಎರಡು ಮೊದಲ ನಾಕೌಟ್‌ನಲ್ಲೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಜರ್ಮನಿ, ಫ್ರಾನ್ಸ್ ತಮ್ಮ ಗುಂಪುಗಳನ್ನು ಗೆದ್ದು ಒಂದು ಸುತ್ತು ದಾಟಿದರೆ 16ರ ಸುತ್ತಿನಲ್ಲೇ ಪರಸ್ಪರ ಎದುರು ನಿಲ್ಲುತ್ತವೆ.

ನಮಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಇಂಗ್ಲೆಂಡಿನ ಹಾದಿ. ಎಲ್ ಗುಂಪು ಗೆದ್ದರೆ ಅದರ ಮುಂದಿನ ಪಂದ್ಯ ಜುಲೈ 1ರಂದು ಅಟ್ಲಾಂಟದಲ್ಲಿ, ಛಾವಣಿ ಮುಚ್ಚಿದ ಹವಾನಿಯಂತ್ರಿತ ಕ್ರೀಡಾಂಗಣದಲ್ಲಿ. ಅದನ್ನೂ ಗೆದ್ದರೆ ಜುಲೈ 5ರಂದು ಮೆಕ್ಸಿಕೊ ಸಿಟಿಯಲ್ಲಿ ಆಡಬೇಕು. ಎದುರಾಳಿ ಎ ಗುಂಪಿನ ವಿಜೇತರಾಗಬಹುದು, ಅಂದರೆ ಸ್ವತಃ ಮೆಕ್ಸಿಕೊ. ಆ ಕ್ರೀಡಾಂಗಣ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸುಮಾರು ಐದನೇ ಒಂದು ಭಾಗ ಕಡಿಮೆ. ತೆಳು ಗಾಳಿಯಲ್ಲಿ ಚೆಂಡಿಗೆ ತಡೆ ಕಡಿಮೆ, ಹಾಗಾಗಿ ಉದ್ದದ ಪಾಸ್ ಅಂದಾಜು ಮೀರಿ ಮುಂದೆ ಹೋಗಿ ಬೀಳುತ್ತದೆ, ದೂರದ ಹೊಡೆತ ಕೀಪರ್‌ನ ಲೆಕ್ಕಕ್ಕಿಂತ ಬೇಗ ಬರುತ್ತದೆ. ಓಟಗಾರನಿಗೆ ಒಂದು ಸ್ಪ್ರಿಂಟ್ ಕಷ್ಟವಲ್ಲ. ಎರಡನೆಯದಕ್ಕೆ ಮೊದಲು ಉಸಿರು ಹಿಡಿತಕ್ಕೆ ಬರಲು ಹೆಚ್ಚು ಹೊತ್ತು ಬೇಕು, ತೊಂದರೆ ಅಲ್ಲಿ. ದೇಹ ಒಗ್ಗಲು ಒಂದೆರಡು ವಾರ ಬೇಕು, ಸಿಗುವುದು ಮೂರು ದಿನ. ಇಂಥ ಸಂದರ್ಭದಲ್ಲಿ ಮಾಡಬಹುದಾದದ್ದು ಇಷ್ಟೇ: ಎಡೆಬಿಡದೆ ಒತ್ತಡ ಹೇರುವ ಆಟ ಬಿಡುವುದು, ಚೆಂಡನ್ನು ಕಾಲಲ್ಲೇ ಇಟ್ಟುಕೊಳ್ಳುವುದು, 55ನೇ ನಿಮಿಷದಿಂದಲೇ ಬದಲಿ ಆಟಗಾರರನ್ನು ಇಳಿಸುವುದು.

ಮೆಕ್ಸಿಕೊಗೆ ಇದು ವರ. ಎ ಗುಂಪು ಗೆದ್ದು 32ರ ಸುತ್ತು ದಾಟಿದರೆ ಅದರ ಮೊದಲ ಐದೂ ಪಂದ್ಯಗಳು ಸ್ವಂತ ನೆಲದಲ್ಲಿ, ಅದರಲ್ಲಿ ನಾಲ್ಕು ಇದೇ ಎತ್ತರದ ಮೈದಾನದಲ್ಲಿ. ಮೆಕ್ಸಿಕೊ ಕ್ವಾರ್ಟರ್‌ಫೈನಲ್ ಆಡಿದ್ದು ಎರಡೇ ಸಲ, 1970 ಮತ್ತು 1986ರಲ್ಲಿ, ಎರಡೂ ತವರಿನಲ್ಲೇ.

ಪ್ರಶ್ನೆ: 26 ಆಟಗಾರರ ಪಟ್ಟಿ ಬಂದಾಗ ಮೊದಲು ಏನನ್ನು ನೋಡಬೇಕು?

ತಾರೆಯರ ಹೆಸರನ್ನು ಕೊನೆಗೆ ನೋಡಿ. ಮೂವರು ಗೋಲ್‌ಕೀಪರ್‌ಗಳನ್ನು ತೆಗೆದರೆ 23 ಮಂದಿ. ಮೈದಾನದ ಹತ್ತು ಸ್ಥಾನಗಳಿಗೆ ತಲಾ ಇಬ್ಬರಂತೆ 20. ಉಳಿದ ಮೂವರು ಯಾರು ಎಂಬುದರಲ್ಲಿ ಕೋಚ್‌ನ ಮನಸ್ಸು ಗೊತ್ತಾಗುತ್ತದೆ. ಆ ಮೂರು ಜಾಗಗಳೂ ಅರ್ಧ ಗುಣವಾದ ಗಾಯಾಳುಗಳಿಗೆ ಹೋಗಿದ್ದರೆ ಎಚ್ಚರಿಕೆಯಿಂದಿರಿ. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಗಾಯ ನೋವು ನಿಂತ ಮೇಲೂ ಮರುಕಳಿಸುತ್ತದೆ, ಅದೂ ದಣಿದ ಕಾಲಿನಲ್ಲಿ ಪೂರ್ಣ ವೇಗದಲ್ಲಿ ಓಡಿದಾಗ. ಮೊದಲ ಪಂದ್ಯಕ್ಕೆ 24 ಗಂಟೆ ಇರುವವರೆಗೆ ಗಾಯಾಳುವಿನ ಬದಲು ಬೇರೊಬ್ಬರನ್ನು ಸೇರಿಸಬಹುದು. ಆಮೇಲೆ ಆ ಅವಕಾಶ ಗೋಲ್‌ಕೀಪರ್‌ಗೆ ಮಾತ್ರ.

ನಂತರ ಫುಲ್‌ಬ್ಯಾಕ್‌ಗಳನ್ನು ನೋಡಿ. ಪಂದ್ಯದುದ್ದಕ್ಕೂ ಮೈದಾನದ ಅಂಚಿನಲ್ಲಿ ಮೇಲೂ ಕೆಳಗೂ ಓಡುವವರು ಅವರು, ಬಿಸಿಲಿನಲ್ಲಿ ಮೊದಲು ಸೋಲುವುದೂ ಅವರ ಕಾಲೇ. ಈ ಸಲ ಫೈನಲ್ ತಲುಪುವವರು ಏಳಲ್ಲ, ಎಂಟು ಪಂದ್ಯ ಆಡಬೇಕು. ಡಲ್ಲಾಸ್, ಹೂಸ್ಟನ್, ಅಟ್ಲಾಂಟದಲ್ಲಿ ಛಾವಣಿ ಇದೆ. ಮಯಾಮಿ, ಕಾನ್ಸಾಸ್ ಸಿಟಿ, ಫಿಲಡೆಲ್ಫಿಯಾದಲ್ಲಿ ಇಲ್ಲ. ಪಂದ್ಯದ ಪ್ರತಿ ಅರ್ಧದ ಮಧ್ಯದಲ್ಲಿ ಮೂರು ನಿಮಿಷ ನೀರಿನ ವಿರಾಮವಿದೆ, ಹವೆ ಹೇಗೇ ಇರಲಿ. ಇದರಿಂದ ಪಂದ್ಯ ನಾಲ್ಕು ತುಂಡಾಗುತ್ತದೆ. ಎದುರಾಳಿಯ ಒತ್ತಡಕ್ಕೆ ಸಿಲುಕಿದ ತಂಡದ ಕೋಚ್‌ಗೆ ತಪ್ಪು ತಿದ್ದಲು ಮಧ್ಯಂತರದವರೆಗೆ ಕಾಯಬೇಕಿಲ್ಲ.

ಕೊನೆಯದಾಗಿ, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಮೇ 30ರ ಫೈನಲ್‌ನಲ್ಲಿ ಎಷ್ಟು ಜನ ಆಡಿದ್ದಾರೆ ಎಂದು ಎಣಿಸಿ. ಅವರಿಗೆ ವಿಶ್ವಕಪ್ ಶುರುವಾಗುವ ಮುನ್ನ ಸಿಗುವುದು ಹನ್ನೆರಡು ದಿನ.

ಪ್ರಶ್ನೆ: ವಿಶ್ವಕಪ್‌ಗೆ ಮುಂಚಿನ ಸೌಹಾರ್ದ ಪಂದ್ಯಗಳ ಫಲಿತಾಂಶ ಮುಖ್ಯವೇ?

ಸ್ಕೋರು ಮುಖ್ಯವಲ್ಲ. ಮೊದಲ 60 ನಿಮಿಷದ ಜೋಡಣೆ, ಕಾರ್ನರ್‌ಗಳಲ್ಲಿ ಯಾರು ಯಾರನ್ನು ಕಾಯುತ್ತಾರೆ ಎಂಬುದು ಮುಖ್ಯ. 2018ರಲ್ಲಿ ಇಂಗ್ಲೆಂಡಿನ 12 ಗೋಲುಗಳಲ್ಲಿ 9 ಕಾರ್ನರ್, ಫ್ರೀ ಕಿಕ್, ಪೆನಾಲ್ಟಿಗಳಿಂದಲೇ ಬಂದವು.

ಪ್ರಶ್ನೆ: ನಾರ್ವೆ ಎಲ್ಲರಿಗೂ ಆಘಾತ ಕೊಡಬಲ್ಲದೇ? ಬೇರೆ ಯಾವ ತಂಡದ ಮೇಲೆ ಕಣ್ಣಿಡಬೇಕು?

ಅರ್ಹತಾ ಸುತ್ತಿನಲ್ಲಿ ನಾರ್ವೆ ಎಂಟಕ್ಕೆ ಎಂಟೂ ಗೆದ್ದು 37 ಗೋಲು ಹೊಡೆಯಿತು, 16 ಅದರ ಫಾರ್ವರ್ಡ್ ಎರ್ಲಿಂಗ್ ಹಾಲಂಡ್ ಒಬ್ಬರದ್ದೇ. ಆದರೆ ಆ 37ರಲ್ಲಿ 11 ಮೊಲ್ಡೊವಾ ವಿರುದ್ಧ ಒಂದೇ ಪಂದ್ಯದಲ್ಲಿ ಬಂದವು. ಇಟಲಿಯನ್ನು 3-0, 4-1ರಿಂದ ಸೋಲಿಸಿದ್ದೇ ನಿಜವಾದ ಅಳತೆ. ಫ್ರಾನ್ಸ್, ಸೆನೆಗಲ್ ಇರುವ ಗುಂಪಿನಿಂದ ಅದು ಪಾರಾಗುತ್ತದೆ ಎಂದೇ ನಮ್ಮ ಎಣಿಕೆ.

ಈಕ್ವೆಡಾರ್ ಮೇಲೆ ನಮಗೆ ಇನ್ನೂ ಹೆಚ್ಚು ನಂಬಿಕೆ. ದಕ್ಷಿಣ ಅಮೆರಿಕದ 18 ಅರ್ಹತಾ ಪಂದ್ಯಗಳಲ್ಲಿ ಅದು ಬಿಟ್ಟುಕೊಟ್ಟದ್ದು ಐದೇ ಗೋಲು. ಮೂರು ಅಂಕಗಳ ದಂಡದೊಂದಿಗೆ ಶುರು ಮಾಡಿಯೂ ಅರ್ಜೆಂಟೀನಾದ ಹಿಂದೆ ಎರಡನೇ ಸ್ಥಾನ ಪಡೆಯಿತು. ಕೊರತೆ ಇರುವುದು ಮುಂಪಡೆಯಲ್ಲಿ: 18 ಪಂದ್ಯಗಳಲ್ಲಿ ಹೊಡೆದದ್ದು 14 ಗೋಲು ಮಾತ್ರ. ಮೊದಲು ಗೋಲು ಬಿಟ್ಟುಕೊಟ್ಟರೆ ಅದಕ್ಕೆ ಕಷ್ಟ. ಜಪಾನ್ ಇದಕ್ಕೆ ತದ್ವಿರುದ್ಧ. 2025ರ ಅಕ್ಟೋಬರ್‌ನಲ್ಲಿ ಬ್ರೆಜಿಲ್ ಎದುರು 0-2ರಿಂದ ಎದ್ದು 3-2ರಿಂದ ಗೆದ್ದಿತು.

ಪ್ರಶ್ನೆ: ಒಂದೇ ಹೆಸರು ಹೇಳಿ, ಕಪ್ ಯಾರಿಗೆ?

ಸ್ಪೇನ್. 2024ರ ಯೂರೊದಲ್ಲಿ ಏಳಕ್ಕೆ ಏಳೂ ಗೆದ್ದ ತಂಡವದು. ಚೆಂಡು ತಮ್ಮ ಬಳಿ ಇರುವಾಗಲೇ ದಣಿವಾರಿಸಿಕೊಳ್ಳುವ ಕಲೆ ಅದರ ಮಿಡ್‌ಫೀಲ್ಡರ್‌ಗಳಿಗೆ ಗೊತ್ತು, ಬಿಸಿಲಿನಲ್ಲಿ ಇದು ದೊಡ್ಡ ಆಸ್ತಿ. ರಕ್ಷಣಾ ಸಾಲು ಬಹಳ ಮುಂದೆ ನಿಲ್ಲುವುದು ಅದರ ದೌರ್ಬಲ್ಯ, ವೇಗದ ಫಾರ್ವರ್ಡ್‌ಗಳಿರುವ ಫ್ರಾನ್ಸ್ ಅದನ್ನು ಬಳಸಿಕೊಳ್ಳಬಲ್ಲದು. ಅರ್ಜೆಂಟೀನಾಗೆ ಗೆಲ್ಲುವ ಅಭ್ಯಾಸವಿದೆ, ಆದರೆ ಜೂನ್ 24ಕ್ಕೆ ಮೆಸ್ಸಿಗೆ 39 ತುಂಬುತ್ತದೆ. ಎಂಟು ಪಂದ್ಯಗಳಲ್ಲಿ ಅವರ ನಿಮಿಷಗಳನ್ನು ಹೇಗೆ ಹಂಚುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪ್ರಶ್ನೆ: ಪೆನಾಲ್ಟಿ ಶೂಟೌಟ್ ಬರೀ ಅದೃಷ್ಟದಾಟವೇ?

ಅಲ್ಲ. ಅದಕ್ಕೂ ತಯಾರಿ ಇದೆ, ತಯಾರಿಯಲ್ಲಿ ತಪ್ಪುಗಳೂ ಇವೆ. 2022ರಲ್ಲಿ ಮೊರಾಕ್ಕೊ ಎದುರು ಸ್ಪೇನ್ ಹೊಡೆದ ಮೂರೂ ವ್ಯರ್ಥವಾದವು. 2020ರ ಯೂರೊ ಫೈನಲ್‌ನಲ್ಲಿ ಪೆನಾಲ್ಟಿಗೆಂದೇ ಕೊನೆಯ ಕ್ಷಣದಲ್ಲಿ ಇಳಿಸಿದ ಇಂಗ್ಲೆಂಡಿನ ರಾಶ್‌ಫರ್ಡ್, ಸ್ಯಾಂಚೊ ಇಬ್ಬರೂ ತಪ್ಪಿದರು. ಚೆಂಡನ್ನು ಸರಿಯಾಗಿ ಮುಟ್ಟಲೂ ಅವಕಾಶವಿಲ್ಲದೆ ತಣ್ಣನೆಯ ಕಾಲಿನಲ್ಲಿ ಹೊಡೆಯುವುದು ಸುಲಭವಲ್ಲ. ಹೊಡೆಯುವವರನ್ನು ಕನಿಷ್ಠ ಹತ್ತು ಹದಿನೈದು ನಿಮಿಷ ಮೊದಲೇ ಇಳಿಸಬೇಕು. ಕೀಪರ್ ಬದಲಾಯಿಸುವುದಾದರೆ ಬದಲಾವಣೆ ಒಂದನ್ನು ಉಳಿಸಿಕೊಂಡಿರಬೇಕು. 2014ರಲ್ಲಿ ನೆದರ್ಲೆಂಡ್ಸ್ ಕೋಸ್ಟರಿಕ ವಿರುದ್ಧ ಬದಲಿ ಕೀಪರ್ ಕ್ರೂಲ್‌ನನ್ನು ಕೊನೆಯ ನಿಮಿಷದಲ್ಲಿ ಇಳಿಸಿತು, ಅವರು ಎರಡು ತಡೆದರು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು ಬದಲಾವಣೆಗಳೆಲ್ಲ ಮುಗಿದುಹೋಗಿದ್ದವು, ಕ್ರೂಲ್ ಬೆಂಚಿನಲ್ಲೇ ಉಳಿದರು, ತಂಡ ಸೋತಿತು. ಈಗ ಐದು ಬದಲಾವಣೆಗಳಿಗೆ ಅವಕಾಶವಿದೆ, ಹೆಚ್ಚುವರಿ ಸಮಯದಲ್ಲಿ ಆರನೆಯದೂ ಸಿಗುತ್ತದೆ. ಆ ಆರನೆಯದನ್ನು ಕೊನೆಯವರೆಗೆ ಕಾದಿಟ್ಟುಕೊಂಡ ಕೋಚ್ ಯಾರೆಂದು 105ನೇ ನಿಮಿಷದಲ್ಲಿ ಗಮನಿಸಿ.