ಗಾಳ ನಿಂತ ಮೇಲೆ ಮೀನು ಉಳಿಯಿತೇ?

ಪ್ರಶ್ನೆ: ಭೀಮೇಶ್ವರಿಯ ಬಳಿ ಕಾವೇರಿಯಲ್ಲಿ ಗಾಳ ಹಾಕಲು ಬರುತ್ತಿದ್ದವರಿಗೆ ನಮ್ಮ ತಂದೆಯವರು ತೆಪ್ಪ ನಡೆಸಿ ಮಡುಗಳನ್ನು ತೋರಿಸುತ್ತಿದ್ದರು. ಹಿಡಿದ ಮಹಶೀರ್ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುತ್ತಿದ್ದರು. ಅಭಯಾರಣ್ಯದೊಳಗೆ ಇದು ಕೂಡದೆಂದು ನಿಂತ ಮೇಲೆ ಅವರಿಗೆ ಕೂಲಿಯೇ ಗತಿಯಾಯಿತು. ಮೀನು ಕಾಯುತ್ತಿದ್ದವರ ಕೆಲಸ ತೆಗೆದರೆ ಮೀನು ಉಳಿಯುವುದೇ?
– ಒಬ್ಬ ಓದುಗರು, ಹಲಗೂರು

ಉತ್ತರ: ನಿಮ್ಮ ನೋವು ನ್ಯಾಯವಾದದ್ದು; ವಾದ ಮಾತ್ರ ಅರ್ಧ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ ಆದ್ದರಿಂದ ಅಭಯಾರಣ್ಯದಲ್ಲಿ ಗಾಳಕ್ಕೆ ಮತ್ತೆ ಅವಕಾಶ ಕೇಳುವುದು ಕಷ್ಟ. ಆದರೆ ದಡದಲ್ಲಿ ಹಗಲೂ ರಾತ್ರಿ ಜನರಿದ್ದುದರಿಂದ ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ಅಂಜಿಕೆಯಿತ್ತೆಂಬುದೂ ನಿಜ.

ತೊಡಕಿರುವುದು ಬೇರೆಡೆ. ಹತ್ತಿರದ ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಕ್ಕೆ ಸಿಕ್ಕ ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಮಹಶೀರ್‌ಗಳು ಸಂಖ್ಯೆಯಲ್ಲಿ ಹೆಚ್ಚಿದ್ದರೂ ಹೆಚ್ಚಿದ್ದು ಮೊಟ್ಟೆಯೊಡೆಸಿ ಮರಿ ಮಾಡಿಸಿ ಹೊರಗಿನಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಜಾತಿಯೆಂದೂ, ಕಾವೇರಿ ಕೊಳ್ಳದ ಸ್ವಂತದ್ದಾದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ತೀರಾ ಅಪರೂಪವಾಗುತ್ತಿದೆಯೆಂದೂ ತಿಳಿಯಿತು. 1946ರಲ್ಲಿ ಮೈಸೂರಿನವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನಿನಂಥ ದೈತ್ಯಗಳಿಗೆ ಹೆಸರಾದದ್ದು ಈ ಗೂನುಬೆನ್ನಿನ ಜಾತಿಯೇ. 2018ರಿಂದ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅಂದರೆ ಗಾಳ ಹಾಕುವವರ ಶಿಬಿರವಿದ್ದಾಗಲೂ ನಿಮ್ಮ ತಂದೆಯವರು ಕಾಯುತ್ತಿದ್ದ ನದಿಯಲ್ಲಿ ಮೀನೇ ಬದಲಾಗುತ್ತಿತ್ತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಈ ಬದಲಾವಣೆ ಕಣ್ಣಿಗೆ ಬಿದ್ದದ್ದೇ ಗಾಳದವರು ಇಟ್ಟಿದ್ದ ಲೆಕ್ಕದಿಂದ ಎಂಬುದನ್ನು, ಗಾಳವನ್ನು ದೂರುವವರು ನೆನಪಿಡಬೇಕು.

ಆದ್ದರಿಂದ ಗಾಳವನ್ನಲ್ಲ, ನದಿಯ ಬಗ್ಗೆ ತೆಪ್ಪದವರಿಗಿರುವ ಅರಿವಿಗೆ ಕೂಲಿಯನ್ನು ಕೇಳಿ. ಯಾವ ಮಡು ಬೇಸಿಗೆಯಲ್ಲೂ ಬತ್ತದು, ಮುಂಗಾರಿನ ಹೊಸ ನೀರಿಗೆ ಮೀನು ಎತ್ತ ಏರುತ್ತದೆ, ಸಿಡಿಮದ್ದಿನವರು ಯಾವ ದಾರಿಯಲ್ಲಿ ಇಳಿಯುತ್ತಾರೆ ಎಂಬುದು ಹೊಸದಾಗಿ ಬಂದ ಕಾವಲುಗಾರನಿಗೆ ಎಲ್ಲಿಂದ ತಿಳಿಯಬೇಕು? ಹಳೆಯ ತೆಪ್ಪದವರೆಲ್ಲ ಸೇರಿ, ಇಷ್ಟನ್ನೂ ಬರೆದು, ನದಿ ಕಾವಲಿಗೂ ಮೀನಿನ ಸಮೀಕ್ಷೆಗೂ ತಮ್ಮನ್ನೇ ನೇಮಿಸಿಕೊಳ್ಳಬೇಕೆಂದು ಗ್ರಾಮ ಪಂಚಾಯಿತಿಯ ಮೂಲಕ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಿ. ತಂದೆಯವರ ಬಳಿ ಹಳೆಯ ತೂಕದ ಪುಸ್ತಕವೋ ಫೋಟೋಗಳೋ ಇದ್ದರೆ ಪ್ರತಿ ಮಾಡಿಸಿ ಲಗತ್ತಿಸಿ. ರೆಕ್ಕೆಯ ಬಣ್ಣ ಕಾಣುವ ಫೋಟೋ ಇದ್ದರಂತೂ ಅದನ್ನು ಮೇಲೆಯೇ ಇಡಿ.